ಅಜ್ಜಿಯ ಬಲಗಣ್ಣು ಮತ್ತು ಭಾಮೈದನ ಪಿಎಸ್5

ನಮ್ಮಜ್ಜಿಗೆ ಬಲಗಣ್ಣಿನ ಪೊರೆ ತೆಗೆಸಿ ಮೂರು ವಾರವಾಗಿತ್ತು. ಎಡಗಣ್ಣಿನದು ಇನ್ನೂ ಬಾಕಿ. ಹಾಗಾಗಿ ಬೆಳಗ್ಗೆ ಎದ್ದರೆ ಅಜ್ಜಿಗೆ ಒಂದೇ ಕೆಲಸ, ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆದು ಲೋಕವನ್ನು ಎರಡೆರಡು ಸಲ ನೋಡುವುದು. “ಏನ್ಲಾ, ಈ ಗ್ವಾಡೆ ನೀಲೀದಾ? ಇಷ್ಟ್ ದಿನ ಹಸ್ರು ಅನ್ಕಂಡಿದ್ನಲ್ಲೋ!” ಎಂದು ಬಲಗಣ್ಣಲ್ಲಿ ಬೆರಗಾಗುವುದು, ಎಡಗಣ್ಣಲ್ಲಿ ನೋಡಿ “ಊಂ, ಹಸ್ರೇಯ” ಎಂದು ಸಮಾಧಾನ ಪಡುವುದು. ನನ್ನ ಹೆಂಡತಿ ಒಗೆದಿದ್ದ ಬಿಳಿ ಅಂಗಿಯ ಬಗ್ಗೆ ಬಲಗಣ್ಣು ಹೇಳಿದ ಒಂದು ಮಾತಿಗೆ ಎರಡು ದಿನ ನಮ್ಮ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗಿತ್ತು.

ಇಂಥ ಹೊತ್ತಲ್ಲಿ ಭಾಮೈದ ಬೆಂಗಳೂರಿನಿಂದ ಪಿಎಸ್5 ಎಂಬ, ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ಪೆಟ್ಟಿಗೆಯನ್ನು ಹೊತ್ತು ತುಮಕೂರಿಗೆ ಬಂದ. ಹೊತ್ತು ಬಂದ ಅನ್ನುವುದು ಬರಿ ಮಾತಿಗಲ್ಲ. ಅದು ನಾಲ್ಕೂವರೆ ಕೆಜಿ, ಎತ್ತರ ಮೂವತ್ತೊಂಬತ್ತು ಸೆಂಟಿಮೀಟರ್. ಟಿವಿ ಸ್ಟ್ಯಾಂಡಿನ ಯಾವ ಖಾನೆಗೂ ಹಿಡಿಸಲಿಲ್ಲ. ಕಾಲರ್ ಎತ್ತಿಕೊಂಡ ಪುಢಾರಿಯ ಹಾಗೆ ನಡುಮನೆಯಲ್ಲಿ ನಿಂತ ಅದನ್ನು ನೋಡಿ ಅಜ್ಜಿ, “ನೀರಿನ ಫಿಲ್ಟ್ರಾ?” ಎಂದರು.

ನನ್ನದು ಪಿಎಸ್4. ಬೋನಸ್ ಬಂದ ವರ್ಷ ತಂದು, “ಆಫೀಸಿಂದ ಕೊಟ್ರು” ಎಂದು ಹೆಂಡತಿಗೆ ಹೇಳಿದ್ದೆ. ಆಫೀಸಿನವರು ಅದನ್ನು ವಾಪಸ್ ಕೇಳದೇ ಇರುವುದರಲ್ಲಿ ಅವಳಿಗೆ ಈಗಲೂ ಏನೋ ಅನುಮಾನ. ಒಳಗೆ ಒಂದು ಜಿರಳೆ ಸಂಸಾರ ಬಾಡಿಗೆಗಿದೆ. ಫ್ಯಾನ್ ತಿರುಗಿದರೆ ತೋಟದ ಪಂಪ್‌ಸೆಟ್ ಹಾಕಿದಂತೆ ಕೇಳುತ್ತದೆ. ಆದರೂ ನನ್ನದು.

“ಭಾವ, ನಿಮ್ದು 2013ರ ಮಾಲು. ಸೆಕೆಂಡಿಗೆ 1.84 ಲಕ್ಷ ಕೋಟಿ ಲೆಕ್ಕ ಮಾಡುತ್ತೆ. 2020ರ ಇದು 10.28 ಲಕ್ಷ ಕೋಟಿ” ಎಂದ ಭಾಮೈದ. ಬಜೆಟ್ ದಿನ ಬಿಟ್ಟರೆ ಲಕ್ಷ ಕೋಟಿ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಿದ್ದಿಲ್ಲ. “ಲೆಕ್ಕ ಬೇಡಪ್ಪ, ಚಿತ್ರ ತೋರಿಸು. ಎರಡೂ ಒಂದೇ ಥರ ಇರುತ್ತೆ” ಎಂದೆ. ಸೋತವರು ಎಲ್ಲರಿಗೂ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕೊಡಿಸಬೇಕು ಎಂದಾಯಿತು.

ಸೆಟ್‌ಟಾಪ್ ಬಾಕ್ಸಿನ ವೈರ್ ಕಿತ್ತು ಎರಡೂ ಪೆಟ್ಟಿಗೆಗಳನ್ನು ಸಿಕ್ಕಿಸಿದೆವು. ಅವತ್ತಿನ ಧಾರಾವಾಹಿಯಲ್ಲಿ ನಿಶ್ಚಿತಾರ್ಥವಂತೆ. ಹೆಂಡತಿ ಅರ್ಧ ಗಂಟೆ ಗಡುವು ಕೊಟ್ಟಳು. ಎರಡರಲ್ಲೂ ಒಂದೇ ಆಟ, ಸ್ಪೈಡರ್‌ಮ್ಯಾನ್. ಹಳೆಯದರಲ್ಲಿ 2018ರದ್ದು, ಹೊಸದರಲ್ಲಿ ಅದನ್ನೇ ತಿದ್ದಿ ತೀಡಿ 2020ರಲ್ಲಿ ಬಿಟ್ಟದ್ದು. ನಾನು ಗೋಡೆಗೆ ಮುಖ ಮಾಡಿ ನಿಲ್ಲಬೇಕು, ಭಾಮೈದ “ಹ್ಞೂಂ” ಎಂದಾಗ ತಿರುಗಿ ಇದು ಯಾವುದು ಎಂದು ಹೇಳಬೇಕು. ಮೂರು ಸಲ ಹೇಳಿದೆ, ಮೂರೂ ಸರಿ. ನನ್ನ ಮಾತೇ ಸುಳ್ಳಾಗುತ್ತಿದೆ ಎಂಬುದು ಗೆಲ್ಲುವ ಹುರುಪಿನಲ್ಲಿ ಹೊಳೆಯಲಿಲ್ಲ. ಅವನಿಗೆ ಅನುಮಾನ ಬಂತು. ಅಜ್ಜಿಯ ಕಣ್ಣಿಗೆಂದು ತಂದಿದ್ದ ಹತ್ತಿಯನ್ನು ನನ್ನ ಎರಡೂ ಕಿವಿಗೆ ತುರುಕಿದ. ಪಂಪ್‌ಸೆಟ್ಟಿನ ಸದ್ದು ನಿಂತಿತು. ಮುಂದಿನ ನಾಲ್ಕರಲ್ಲಿ ಎರಡು ತಪ್ಪು.

“ನೋಡಿದ್ಯಾ, ವ್ಯತ್ಯಾಸ ಇಲ್ಲ!” ಎಂದು ಕಿವಿಯಲ್ಲಿ ಹತ್ತಿ ಇಟ್ಟುಕೊಂಡೇ ಕೂಗಿದೆ. ಭಾಮೈದ ಟಿವಿಯ ಹಿಂದೆ ಬಗ್ಗಿ ಚೀಟಿ ಓದಿ ತಲೆ ಚಚ್ಚಿಕೊಂಡ. ನಮ್ಮದು ಮೂವತ್ತೆರಡು ಇಂಚಿನ ಎಚ್‌ಡಿ ರೆಡಿ. ಪರದೆಯಲ್ಲಿರುವುದೇ ಹತ್ತೂವರೆ ಲಕ್ಷ ಚುಕ್ಕಿ. ನನ್ನ ಪಿಎಸ್4 ಕಳಿಸುವುದು ಇಪ್ಪತ್ತು ಲಕ್ಷ ಚಿಲ್ಲರೆ, ಅವನ ಪಿಎಸ್5 ಎಂಬತ್ತೆರಡು ಲಕ್ಷದ ಮೇಲೆ. ಇಷ್ಟು ವರ್ಷ ನನ್ನದರಲ್ಲೇ ಅರ್ಧ ಚುಕ್ಕಿ ಸೋರಿ ಹೋಗುತ್ತಿತ್ತು ಎಂದಾಯಿತು. ಹೆಂಡತಿಗೆ ತಕ್ಷಣ ಅರ್ಥವಾಯಿತು: “ಹದಿನೈದು ಚುಕ್ಕಿ ರಂಗೋಲಿನ ಐದು ಚುಕ್ಕಿಯಲ್ಲಿ ಬಿಡಿ ಅಂದ್ರೆ ಆಗುತ್ತೇನ್ರೀ? ತಗೀರಿ, ನಿಶ್ಚಿತಾರ್ಥ ಶುರುವಾಯ್ತು.”

ಕೆಳಗೆ ಓನರ್ ಮನೆಯಲ್ಲಿ ಆ ಎಂಬತ್ತೆರಡು ಲಕ್ಷವೂ ಹಿಡಿಸುವ ಐವತ್ತೈದು ಇಂಚಿನ ಫೋರ್ ಕೆ ಟಿವಿ ಇತ್ತು. ಪೆಟ್ಟಿಗೆಗಳನ್ನು ಹೊತ್ತು ಮೆಟ್ಟಿಲಿಳಿದೆವು. ಕಪ್ಪು ಕನ್ನಡಕ ಹಾಕಿಕೊಂಡು ಅಜ್ಜಿಯೂ ಹಿಂದೆ. ಮೊಮ್ಮಗನ ಕ್ರಿಕೆಟ್ ಬಾಲಿಗೆ ಹೆದರಿ ಓನರ್ ಟಿವಿಯ ಮುಂದೆ ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ಕಟ್ಟಿಸಿದ್ದರು. ಭಾಮೈದ ಉತ್ಸಾಹದಿಂದ ಶುರುಮಾಡಿದ: “ಸಾರ್, ಇದಕ್ಕೆ ರೇ ಟ್ರೇಸಿಂಗ್ ಅಂತಾರೆ. ಹಳೇದರಲ್ಲಿ ಗಾಜಿನ ಕಟ್ಟಡದ ಮೇಲೆ ಮೊದಲೇ ಮಾಡಿಟ್ಟ ಚಿತ್ರ ಅಂಟಿಸಿರ್ತಾರೆ. ಇದರಲ್ಲಿ ಬೆಳಕು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಲೆಕ್ಕ ಹಾಕಿ, ಎದುರಿಗೆ ಏನಿದೆಯೋ ಅದೇ ಕಾಣೋ ಹಾಗೆ ಮಾಡುತ್ತೆ.” ಎದುರಿಗೆ ಇದ್ದದ್ದು ಟ್ಯೂಬ್‌ಲೈಟು, ಅದರ ಕೆಳಗೆ ಓನರ್ ತಲೆ. ಎರಡೂ ಹಾಳೆಯ ಮೇಲೆ ಅಚ್ಚುಕಟ್ಟಾಗಿ ಹೊಳೆಯುತ್ತಿದ್ದವು. “ಹೌದಲ್ರೀ, ಎಷ್ಟು ಸ್ಪಷ್ಟ!” ಎಂದು ಓನರ್ ಕೂದಲಿದ್ದ ಜಾಗ ಸವರಿಕೊಂಡರು.

ಲೈಟ್ ಆರಿಸಿ, ಮೊದಲು ಪಿಎಸ್4ರಲ್ಲಿ ಆಟದ ಆರಂಭ ಹಾಕಿದೆವು. ಹುಡುಗ ರೂಮಿನಲ್ಲಿ ಮಲಗಿರುತ್ತಾನೆ, ಏಳುತ್ತಾನೆ, ಗಡಿಬಿಡಿಯಲ್ಲಿ ಹೊರಡುತ್ತಾನೆ. ಅಷ್ಟರಲ್ಲಿ ಬಾಗಿಲ ಕೆಳಗಿನಿಂದ ಕೊನೆಯ ನೋಟಿಸ್ ತೂರಿ ಬರುತ್ತದೆ. “ಏನದು?” ಎಂದರು ಓನರ್. “ಬಾಡಿಗೆ ಬಾಕಿ ಸಾರ್” ಎಂದ ಭಾಮೈದ, ಲೋಕಜ್ಞಾನವಿಲ್ಲದವನು. ಓನರ್ ಕತ್ತಲಲ್ಲೂ ನನ್ನ ಕಡೆ ತಿರುಗಿದ್ದು ನನಗೆ ಕಂಡಿತು. ತಾರೀಕು ಹನ್ನೊಂದಾಗಿತ್ತು.

ಆಮೇಲೆ ಅದೇ ದೃಶ್ಯ ಪಿಎಸ್5ರಲ್ಲಿ. ಕೂದಲು ಎಳೆ ಎಳೆಯಾಗಿ ಬೇರೆ, ಕಿಟಕಿಯ ಬಿಸಿಲೇ ಬೇರೆ. ಒಪ್ಪಿಕೊಳ್ಳುವ ಮನಸ್ಸಿರಲಿಲ್ಲ, ಸುಮ್ಮನಿದ್ದೆ. ಅಜ್ಜಿ ಕನ್ನಡಕ ತೆಗೆದು, ಎಡಗಣ್ಣು ಮುಚ್ಚಿ, ಮುಂದೆ ಬಾಗಿ ನೋಡಿದರು.

“ಇವ್ನು ಔನಲ್ಲ ಕಣ್ಲಾ.”

“ಅವನೇ ಅಜ್ಜಿ. ಚಿತ್ರ ಚೆನ್ನಾಗಿರೋದ್ರಿಂದ ಹಾಗೆ ಕಾಣ್ತಾನೆ” ಎಂದ ಭಾಮೈದ.

“ಚಂದ ಆದ್ರೆ ಮೂಗು ಬದ್ಲಾಯ್ತದಾ? ಔನು ಬ್ಯಾರೆ ಮನೆ ಹುಡ್ಗ, ಇವ್ನು ಬ್ಯಾರೆ ಮನೆ ಹುಡ್ಗ.”

ಎಲ್ಲರೂ ನಕ್ಕೆವು. ಕಣ್ಣು ಇನ್ನೂ ಹೊಂದಿಕೊಂಡಿಲ್ಲ ಎಂದು ಓನರ್ ಹೆಂಡತಿ ಸಮಾಧಾನ ಹೇಳಿದರು. ನಾನು ಸುಮ್ಮನಿರಲಾರದೆ ಫೋನಲ್ಲಿ ಹುಡುಕಿದೆ. ನಿಜ! ದನಿ ಕೊಟ್ಟು ನಟಿಸಿದವನ ಮುಖದ ಚಲನೆಗೆ ಇನ್ನೂ ಚೆನ್ನಾಗಿ ಹೊಂದಲಿ ಎಂದು 2020ರಲ್ಲಿ ಆ ಹುಡುಗನ ಮುಖಕ್ಕೆ ಬೇರೆಯೇ ಒಬ್ಬನನ್ನು ಮಾದರಿ ಮಾಡಿಕೊಂಡಿದ್ದರು. ಇಪ್ಪತ್ತು ಸಾವಿರದ ಕಣ್ಣು ಐವತ್ತು ಸಾವಿರದ ಪೆಟ್ಟಿಗೆಯ ಗುಟ್ಟು ಹಿಡಿದಿತ್ತು. “ಮೊದ್ಲೋನೇ ವಾಸಿ” ಎಂದು ಅಜ್ಜಿ, ಗಂಡು ನೋಡಲು ಹೋದವರಂತೆ ತೀರ್ಪು ಕೊಟ್ಟು ಕೂತರು.

ಭಾಮೈದ ಬಿಡಲಿಲ್ಲ. ಕಡೆಯ ಅಸ್ತ್ರ, ವೇಗ. ನನ್ನದರಲ್ಲಿ ತಿರುಗುವ ಹಾರ್ಡ್ ಡಿಸ್ಕು. ಊರಿನ ಈ ತುದಿಯಿಂದ ಆ ತುದಿಗೆ ಹೋಗು ಎಂದರೆ ಅಷ್ಟೂ ಊರನ್ನು ಹುಡುಕಿ ತರಬೇಕು. ಕಾಯುವವರಿಗೆ ಬೇಜಾರಾಗದಿರಲಿ ಎಂದು ಅಷ್ಟು ಹೊತ್ತು ಸ್ಪೈಡರ್‌ಮ್ಯಾನ್ ಮೆಟ್ರೋ ರೈಲಿನಲ್ಲಿ ಕೂತಿರುವುದನ್ನು ತೋರಿಸುತ್ತಾರೆ. ಪಕ್ಕದವನು ಅವನ ಹೆಗಲಿಗೊರಗಿ ನಿದ್ದೆ ಹೊಡೆಯುತ್ತಿರುತ್ತಾನೆ. ಹೊಸದರಲ್ಲಿ ತಿರುಗುವ ಡಿಸ್ಕೇ ಇಲ್ಲದ ಎಸ್‌ಎಸ್‌ಡಿ, ಗುಂಡಿ ಒತ್ತಿದರೆ ಆ ತುದಿಯಲ್ಲೇ ನಿಂತಿದ್ದ.

“ರೈಲೆಲ್ಲೋ?” ಎಂದರು ಅಜ್ಜಿ.

“ಇದಕ್ಕೆ ರೈಲು ಬೇಡ ಅಜ್ಜಿ, ಅಷ್ಟು ಸ್ಪೀಡು.”

“ದಿನಾ ಪೂರಾ ಹಾರಾಡ್ತಾನೆ. ರೈಲೂ ಬ್ಯಾಡ ಅಂದ್ರೆ, ಔನು ಕೂತ್ಕಳದು ಯಾವಾಗ?”

ಭಾಮೈದನ ಬಳಿ 10.28 ಲಕ್ಷ ಕೋಟಿ ಲೆಕ್ಕವಿತ್ತು, ಇದಕ್ಕೆ ಉತ್ತರವಿರಲಿಲ್ಲ.

ತಟ್ಟೆ ಇಡ್ಲಿಯ ದುಡ್ಡು ಕಡೆಗೆ ನಾನೇ ಕೊಟ್ಟೆ, ಓನರ್ ಸಂಸಾರವನ್ನೂ ಸೇರಿಸಿ. ಬಾಡಿಗೆಯನ್ನೂ ಅವತ್ತೇ ಕಟ್ಟಿದೆ. ಭಾಮೈದ ಭಾನುವಾರ ಸಂಜೆ ಪೆಟ್ಟಿಗೆ ಹೊತ್ತು ಬಸ್ಸು ಹತ್ತಿದ.

ಈಗ ಬೆಂಗಳೂರಿನ ಆಫೀಸಿನಿಂದ ರೈಲಿಳಿದು ನಾನು ಮನೆ ಸೇರುವುದನ್ನೇ ಅಜ್ಜಿ ಕಾಯುತ್ತಿರುತ್ತಾರೆ. “ರೈಲ್ ಹಾಕ್ಲಾ” ಎನ್ನುತ್ತಾರೆ. ಪಂಪ್‌ಸೆಟ್ ಶುರುವಾಗುತ್ತದೆ, ಅಜ್ಜಿ ಎಡಗಣ್ಣು ಮುಚ್ಚುತ್ತಾರೆ. ನಿನ್ನೆ ಬಹಳ ಹೊತ್ತು ನೋಡಿ ಹೇಳಿದರು:

“ಆ ಕೆಂಪು ಬಟ್ಟೆಯೋನ ಹೆಗಲ ಮ್ಯಾಲೆ ಬಾಯ್ಬಿಟ್ಕಂಡ್ ಮಲ್ಗವ್ನಲ್ಲ, ಔನು ತೇಟ್ ನೀನೇ ಕಣ್ಲಾ.”

ಬೆಳಗಿನ ರೈಲಿನಲ್ಲಿ ಯಶವಂತಪುರದವರೆಗೂ ನಾನು ಒರಗುವ ಹೆಗಲು ಯಾರದೋ, ಒಂದು ದಿನವೂ ಕಣ್ಣು ಬಿಟ್ಟು ನೋಡಿಲ್ಲ.