ಬಚ್ಚಲಲ್ಲಿ ವಾಲಿದ ಕುರ್ಚಿ

ಅಮೆರಿಕದಲ್ಲಿ ಶಿಶುಗಳ ಸ್ನಾನದ ಕುರ್ಚಿಗಳನ್ನು ಮಗುಚುವ ಅಪಾಯವಿದೆಯೆಂದು ವಾಪಸ್ ಕರೆಸುತ್ತಿರುವ ಸುದ್ದಿ ಓದಿ ನಮ್ಮ ಬದಿಯಡ್ಕದ ಮನೆಯ ಬಚ್ಚಲೇ ನೆನಪಾಯಿತು. ಭಾವ ಗಲ್ಫಿನಿಂದ ತಂದ ಕುರ್ಚಿಯ ಅಡಿಗೆ ನಾಲ್ಕು ರಬ್ಬರ್ ಬಟ್ಟಲು. ನುಣುಪು ಟಬ್ಬಿಗೆ ಅಂಟೀತು, ನಮ್ಮ ತರಿತರಿ ಸಿಮೆಂಟಿಗೆ ಹಿಡಿಯುತ್ತದೆಯೇ? ಎಣ್ಣೆ ಹಚ್ಚಿದ ಮಗು ಚೊಂಬಿಗೆ ಕೈಚಾಚಿದ್ದೇ ತಡ, ಕುರ್ಚಿ ಸಮೇತ ವಾಲಿತು. ಅತ್ತೆ ಪಕ್ಕದಲ್ಲೇ ಇದ್ದರು, ಹಿಡಿದರು. ಮರುದಿನದಿಂದ ಅವರ ಚಾಚಿದ ಕಾಲೇ ಮಗುವಿಗೆ ಮಣೆ. ಒಂದೆರಡು ಇಂಚು ನೀರಲ್ಲೂ ಮಗು ಮುಳುಗಬಹುದು, ಅದೂ ಸದ್ದಿಲ್ಲದೆ. ಕುರ್ಚಿ ಇದೆಯಲ್ಲ ಎಂದು ಟವೆಲ್ ತರಲು ಹೋಗುವುದೇ ಅಪಾಯ. ನಮ್ಮಲ್ಲೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅಪಾಯಕಾರಿ ಸರಕು ವಾಪಸ್ ಪಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆದೇಶಿಸಬಹುದು. ಸೂಟ್‌ಕೇಸಿನಲ್ಲಿ ಬಂದದ್ದಕ್ಕೆ ಬಿಲ್ಲೆಲ್ಲಿ? ಮಾದರಿ ಸಂಖ್ಯೆಯ ಚೀಟಿಯೂ ನೀರಲ್ಲಿ ಕರಗಿತ್ತು. ಕುರ್ಚಿ ಮುರಿದೇ ಗುಜರಿಗೆ ಹಾಕಿದೆ, ಇನ್ನೊಂದು ಮನೆ ಸೇರಬಾರದಲ್ಲ.