ಕಿವಿಗೆ ಕೂರದ ಇಯರ್‌ಫೋನ್

ಇಯರ್‌ಫೋನ್ ತಯಾರಿಸುವವರು ಡ್ರೈವರ್ (ಧ್ವನಿ ಹೊಮ್ಮಿಸುವ ಒಳಗಿನ ಪುಟ್ಟ ಸ್ಪೀಕರ್) ಎಷ್ಟು ಮಿಲಿಮೀಟರ್, ಬ್ಯಾಟರಿ ಎಷ್ಟು ಗಂಟೆ ಎಂಬುದನ್ನೆಲ್ಲ ದಪ್ಪಕ್ಷರದಲ್ಲಿ ಅಚ್ಚು ಹಾಕಿಸುತ್ತಾರೆ. ಆದರೆ ಕಿವಿಯೊಳಗೆ ಕೂರುವ ಸಿಲಿಕೋನ್ ತುದಿಯ ವಿಷಯ ಬಂದಾಗ ಸಣ್ಣದು, ಮಧ್ಯಮ, ದೊಡ್ಡದು ಎಂದು ಮೂರು ಜೋಡಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಆ ತುದಿಯು ಕಿವಿಯ ನಾಳವನ್ನು ಸುತ್ತಲೂ ಮುಚ್ಚದೆ ಕೂದಲೆಳೆಯಷ್ಟು ಸಂದು ಉಳಿದರೂ ಕೆಳಸ್ಥಾಯಿಯ ಧ್ವನಿ ಅಲ್ಲಿಂದಲೇ ಸೋರಿಹೋಗುತ್ತದೆ. ಸಂಗೀತ ಕಛೇರಿಯ ಧ್ವನಿಮುದ್ರಣವನ್ನು ಕೇಳುವಾಗ ಪಿಟೀಲು ಚುಚ್ಚುವಷ್ಟು ತೀಕ್ಷ್ಣವಾಗಿ, ಮೃದಂಗದ ಎಡಭಾಗದ ಗಂಭೀರ ನಾದ ತೀರ ಬಡಕಲಾಗಿ ಕೇಳಿಸುವುದಕ್ಕೆ ಬಹುಪಾಲು ಇದೇ ಕಾರಣ. ಬೆರಳಿನಿಂದ ತುಸು ಒಳಗೊತ್ತಿದ ಕ್ಷಣ ಅದೇ ಮೃದಂಗ ತುಂಬಿ ನುಡಿಯುತ್ತದೆ, ಬೆರಳು ತೆಗೆದರೆ ಮತ್ತೆ ಮಾಯವಾಗುತ್ತದೆ.

ಒಬ್ಬರದೇ ಎರಡು ಕಿವಿಗಳ ನಾಳಗಳೂ ಒಂದೇ ಅಳತೆಯಲ್ಲಿರಬೇಕೆಂದಿಲ್ಲ. ನನ್ನ ಬಲಗಿವಿಗೆ ಮಧ್ಯಮ ತುದಿ ಸರಿಹೊಂದುತ್ತದೆ. ಎಡಗಿವಿಗೆ ಅದು ಸಡಿಲ, ದೊಡ್ಡದನ್ನು ಹಾಕಿದರೆ ಸ್ವಲ್ಪ ಹೊತ್ತಿಗೇ ನೋವು. ಹೀಗಿರುವಾಗ ನಡುವಿನ ಅಳತೆಗಳನ್ನೂ ಒಂದು ಜೋಡಿ ಫೋಮ್ ತುದಿಯನ್ನೂ ಜೊತೆಗಿಡಲು ಏನು ಅಡ್ಡಿ? ಫೋಮನ್ನು ಬೆರಳುಗಳ ನಡುವೆ ಹೊಸೆದು ಸಣ್ಣದಾಗಿಸಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅದು ಅರಳುವವರೆಗೆ ಹಿಡಿದುಕೊಂಡರೆ ನಾಳದ ಆಕಾರಕ್ಕೆ ತಾನಾಗಿ ಹೊಂದಿಕೊಳ್ಳುತ್ತದೆ.

ಅಂಗಡಿಯವರನ್ನು ಕೇಳಿದರೆ ‘ಈಕ್ವಲೈಸರ್‌ನಲ್ಲಿ ಬೇಸ್ ಜಾಸ್ತಿ ಮಾಡ್ಕೊಳ್ಳಿ ಸರ್’ ಎನ್ನುತ್ತಾರೆ; ಅಂದರೆ ಧ್ವನಿಯ ಸ್ಥಾಯಿಗಳನ್ನು ಹೆಚ್ಚು ಕಡಿಮೆ ಮಾಡುವ ಸೌಲಭ್ಯದಲ್ಲಿ ಕೆಳಸ್ಥಾಯಿಯನ್ನು ಏರಿಸಿಕೊಳ್ಳಿ ಎಂದು. ಆದರೆ ಸಂದು ಹಾಗೆಯೇ ಉಳಿದರೆ ಬಸ್ಸಿನ ಗದ್ದಲವೂ ಒಳಗೆ ನುಗ್ಗಿ, ಧ್ವನಿಯನ್ನು ಏರಿಸುತ್ತಲೇ ಹೋಗಬೇಕಾಗುತ್ತದೆ. ಪೆಟ್ಟು ಬೀಳುವುದು ಶ್ರವಣಶಕ್ತಿಗೆ. ಬೇರೆ ತುದಿಗಳನ್ನು ಪ್ರತ್ಯೇಕವಾಗಿ ಕೊಳ್ಳೋಣವೆಂದರೆ ಎಲ್ಲ ಇಯರ್‌ಫೋನ್‌ಗಳ ನಳಿಕೆಯ, ಅಂದರೆ ತುದಿಯನ್ನು ಸಿಕ್ಕಿಸುವ ಕೊಳವೆಯ, ದಪ್ಪ ಒಂದೇ ಅಲ್ಲ, ಅದರ ಅಳತೆಯನ್ನು ಎಷ್ಟೋ ಕೈಪಿಡಿಗಳಲ್ಲಿ ಕೊಟ್ಟಿರುವುದೂ ಇಲ್ಲ.