ಮರ ಕಡೆದರೆ ಬೆಣ್ಣೆ ಬಾರದು

ಮಜ್ಜಿಗೆಗೂ ಮರಕ್ಕೂ ಕನ್ನಡದಲ್ಲಿ ಒಂದೇ ಮಾತು: ಕಡೆಯುವುದು. ಮಜ್ಜಿಗೆ ಕಡೆದವರಿಗೆ ಕೊನೆಗೆ ಬೆಣ್ಣೆಯಾದರೂ ತೇಲುತ್ತದೆ. ಮರವನ್ನು ಗಿರಗಿರ ತಿರುಗಿಸುವ ಲೇತಿನ ಮುಂದೆ ನಿಂತು ಮರದ ಪೆನ್ನು ಕಡೆದವರಿಗೆ ಮೊದಮೊದಲು ದಕ್ಕುವುದು ಕಾಫಿ ಲೋಟದಲ್ಲಿ ಮರದ ಹೊಟ್ಟು, ಒಂದಕ್ಕೊಂದು ಅಂಟಿದ ಎರಡು ಬೆರಳು. ಕಲ್ಲಿನ ಕಂಬವನ್ನೇ ಕಡೆದು ನಿಲ್ಲಿಸಿದ ಹೊಯ್ಸಳರ ನಾಡಿನವರು ನಾವು ಎಂಬ ಅಭಿಮಾನ ಆಗ ಒಂದಿಷ್ಟೂ ನೆರವಿಗೆ ಬರುವುದಿಲ್ಲ.

ಎಲ್ಲರ ಕಣ್ಣೂ ಲೇತಿನ ಮೇಲೆ. ಆದರೆ ಪೆನ್ನು ಅಲ್ಲಿ ಕೆಡುವುದು ಕಡಿಮೆ. ಅರ್ಧ ಪೆನ್ನುಗಳು ಹತ್ತುವ ಮೊದಲೇ ಕೆಟ್ಟಿರುತ್ತವೆ, ಉಳಿದವು ಇಳಿದ ಮೇಲೆ ಕೆಡುತ್ತವೆ.

ಸ್ಲಿಮ್‌ಲೈನ್ ಎಂಬ ಪೆನ್ನಿನ ಬಿಡಿಭಾಗಗಳ ಕಿಟ್ಟನ್ನೇ ನೋಡಿ. ಒಳಗೆ 7 ಮಿ.ಮೀ. ದಪ್ಪದ ಎರಡು ಹಿತ್ತಾಳೆ ಕೊಳವೆ, ಒಂದೊಂದೂ ಸುಮಾರು 53 ಮಿ.ಮೀ. ಉದ್ದ. ಮರವನ್ನು ಕೊಳವೆಗಿಂತ 2-3 ಮಿ.ಮೀ. ಉದ್ದಕ್ಕೆ ಕತ್ತರಿಸಬೇಕು. ಅದಕ್ಕೂ ಮುಂಚೆ ಉದ್ದಕ್ಕೂ ಪೆನ್ಸಿಲಿನ ಗೀಟು ಎಳೆಯಲು ಮರೆತಿರೋ, ಬೀಟೆಯ ಕಪ್ಪು ಎಳೆ ಮೇಲಿನ ತುಂಡಿನಲ್ಲಿ ಪೂರ್ವಕ್ಕೆ, ಕೆಳಗಿನದರಲ್ಲಿ ಪಶ್ಚಿಮಕ್ಕೆ. ಕೊಳವೆಗೆ ತೂತು ಕೊರೆಯುವಾಗ ಡ್ರಿಲ್ ಬಿಟ್ಟನ್ನು ಆಗಾಗ ಹೊರಗೆಳೆದು ಹೊಟ್ಟು ಕೊಡವದಿದ್ದರೆ ಬಿಸಿಗೆ ಮರ ಸೀಳುತ್ತದೆ.

ಮುಂದೆ ಅಂಟು. ಕೊಳವೆಯ ಮೈಯನ್ನು ಉಪ್ಪುಕಾಗದದಲ್ಲಿ ಒರಟು ಮಾಡಿ, ಬಾಯನ್ನು ಹಸಿ ಆಲೂಗಡ್ಡೆ ಬಿಲ್ಲೆಗೆ ಒತ್ತಿದರೆ ಬಿರಡೆ ಸಿದ್ಧ, ಅಂಟು ಒಳಗೆ ಹೋಗುವುದಿಲ್ಲ. (ಆ ಆಲೂಗಡ್ಡೆ ಮತ್ತೆ ಪಲ್ಯಕ್ಕೆ ಬೇಡ.) ಸೂಪರ್ ಗ್ಲೂ ಹಚ್ಚಿದ ಮೇಲೆ ತಿರುಗಿಸುತ್ತಾ ಒಂದೇ ದಮ್ಮಿಗೆ ತಳ್ಳಬೇಕು. ಫೋನು ಬಂತೆಂದು ಅರ್ಧದಲ್ಲಿ ನಿಂತಿರೋ, ಕೊಳವೆಯೂ ಅಲ್ಲೇ ನಿಲ್ಲುತ್ತದೆ. ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರನ್ನಾದರೂ ಓಲೈಸಬಹುದು, ಇದನ್ನಲ್ಲ. ಅವಸರವಿಲ್ಲದವರಿಗೆ ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ ಅಂಟೇ ವಾಸಿ.

ಲೇತಿನ ಮೇಲೆ ಒಂದೇ ಎಚ್ಚರ: ಮರದ ತುಂಡು ಪೋಣಿಸುವ ಸರಳಿನ (ಮ್ಯಾಂಡ್ರೆಲ್) ನಟ್ಟನ್ನು ಭೀಮಬಲದಿಂದ ಬಿಗಿಯಬೇಡಿ. ತೆಳ್ಳನೆಯ ಸರಳು ಬಾಗುತ್ತದೆ. ಆಮೇಲೆ ಪೆನ್ನು ಒಂದು ಬದಿಯಲ್ಲಿ ಲೋಹದ ಜತೆ ಸಮ, ಇನ್ನೊಂದು ಬದಿಯಲ್ಲಿ ಬಾವು ಬಂದ ದವಡೆ.

ಮೆರುಗಿನ ವಿಷಯದಲ್ಲಿ ಚನ್ನಪಟ್ಟಣದವರನ್ನು ಕಂಡರೆ ಹೊಟ್ಟೆಕಿಚ್ಚು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅದು ಕರಗಿ ಹರಡುತ್ತದೆ, ಮೇಲೆ ತಾಳೆಗರಿ ಹಿಡಿದರೆ ಹೊಳಪು. ಪೆನ್ನಿನವರು ಸೂಪರ್ ಗ್ಲೂವನ್ನೇ ಎಂಟು ಹತ್ತು ತೆಳು ಪದರವಾಗಿ ಬಳಿಯುತ್ತಾರೆ. ಬಳಿಯಲು ಪೇಪರ್ ಟವಲ್ ಇರಲಿ. ಹತ್ತಿಬಟ್ಟೆಗೆ ಆ ಅಂಟು ಸೋಕಿದರೆ ಕಾದು ಹೊಗೆಯಾಡುತ್ತದೆ. ಬೇಗ ಒಣಗಲೆಂದು ಆಕ್ಸಿಲರೇಟರನ್ನು ತೀರಾ ಹತ್ತಿರದಿಂದ ಸಿಂಪಡಿಸಿದರೆ ಬಿಳಿ ಗುಳ್ಳೆ ಏಳುತ್ತದೆ, ಮತ್ತೆ 400 ನಂಬರಿನ ಉಪ್ಪುಕಾಗದದಿಂದ ಶುರು. ಅಂಟು ಹರಿದು, ಮರದ ತುದಿಗೆ ಅಳತೆಗೆಂದು ಕೂರಿಸಿದ ಲೋಹದ ಬಳೆಯೂ (ಬುಶಿಂಗ್) ಮರಕ್ಕೆ ಕಚ್ಚಿಕೊಂಡಿರುತ್ತದೆ. ಸಂದಿಯಲ್ಲಿ ಚಾಕುವಿನಿಂದ ಸುತ್ತ ಗೆರೆ ಕೊಯ್ಯದೆ ಕಿತ್ತರೆ ಮೆರುಗೂ ಚಕ್ಕೆ ಎದ್ದು ಬರುತ್ತದೆ.

ಇಷ್ಟೆಲ್ಲ ದಾಟಿದ ಮೇಲೆ ಜೋಡಣೆ. ಮೊದಲು ಮೊನೆ, ಆಮೇಲೆ ರೀಫಿಲ್ ತಿರುಗಿಸುವ ಟ್ರಾನ್ಸ್‌ಮಿಷನ್. ಅದನ್ನು ಚೂರು ಒತ್ತಿ, ರೀಫಿಲ್ ಹಾಕಿ ನೋಡಿ, ಮತ್ತೆ ಚೂರು ಒತ್ತಬೇಕು. ಕಡಿಮೆಯಾದರೆ ಇನ್ನಷ್ಟು ಒತ್ತಬಹುದು. ಹೆಚ್ಚಾದರೆ ರೀಫಿಲ್ ಎಷ್ಟು ತಿರುಗಿಸಿದರೂ ಒಳಗೆ ಹೋಗುವುದಿಲ್ಲ. ಅಂಥ ಪೆನ್ನನ್ನು ಗುರುತಿಸುವುದು ಸುಲಭ: ಕಡೆದವರ ಅಂಗಿಯ ಜೇಬಿನ ತಳದಲ್ಲಿ ನೀಲಿ ಚುಕ್ಕೆ.